ಕೈಕೊಡುವ ಕಂಪ್ಯೂಟರುಗಳು

ಅವಳಿಗೆ ಆಮೇಲಮ್ಮ ಅಂತ ಹೆಸರಿಟ್ಟದ್ದು ಅವಳ ಭಾವ. ಊಟಕ್ಕೆ ಬಾ ಅಂದರೆ ಆಮೇಲೆ, ಬಟ್ಟೆ ಒಣಗಿಸು ಅಂದರೆ ಆಮೇಲೆ, ಮದುವೆ ಮಾತು ಎತ್ತಿದರಂತೂ ಆಮೇಲೆ ಅನ್ನುವುದಕ್ಕೂ ಪುರುಸೊತ್ತಿಲ್ಲದೆ ಚಪ್ಪಲಿ ಮೆಟ್ಟಿಕೊಂಡು ಗೇಟು ದಾಟಿರುತ್ತಿದ್ದಳು. ಒಲೆ ಮೇಲೆ ಹಾಲಿದೆ, ನೋಡಿಕೋ ಅಂತ ಅಮ್ಮ ಹೇಳಿ ಹೋದರೆ, ಹಾಲು ಉಕ್ಕಿ, ಬರ್ನರ್ ಆರಿ, ಪಕ್ಕದ ಮನೆಯವರು ವಾಸನೆ ಹಿಡಿದು ಬಂದಾಗ ಇವಳು ಮಹಡಿ ಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತಿರುತ್ತಿದ್ದಳು. ಕೆಟ್ಟವಳಲ್ಲ. ಒಪ್ಪಿಕೊಂಡ ಕೆಲಸದಲ್ಲಿ ಮನಸ್ಸು ಪೂರ್ತಿ ಇರುತ್ತಿತ್ತು. ಆ ಜಾಗದಲ್ಲಿ ಆಳು ಮಾತ್ರ ಇರುತ್ತಿರಲಿಲ್ಲ.

ಇಂಥವಳು ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟಿಗೆ ಆರಿಸಿಕೊಂಡ ವಿಷಯ ಕೇಳಿದರೆ ಯಾರಿಗಾದರೂ ನಗು ಬರಬೇಕು. ಊರಿನ ಮನೆ, ಅಂಗಡಿ, ಆಫೀಸುಗಳಲ್ಲಿ ಎಷ್ಟೋ ಕಂಪ್ಯೂಟರುಗಳು ದಿನದ ಬಹುಪಾಲು ಕೆಲಸವಿಲ್ಲದೆ ಕೂತಿರುತ್ತವೆ. ಅವನ್ನೆಲ್ಲ ನೆಟ್‌ವರ್ಕಿನಲ್ಲಿ ಸೇರಿಸಿ ಒಂದು ದೊಡ್ಡ ಲೆಕ್ಕವನ್ನು ತುಂಡು ತುಂಡಾಗಿ ಹಂಚಿ ಮಾಡಿಸುವುದು ಹೇಗೆ? ಅದೂ ಎಲ್ಲರ ಮೇಲೆ ದರ್ಬಾರು ಮಾಡುವ ಒಂದು ಯಜಮಾನ ಕಂಪ್ಯೂಟರ್ ಇಲ್ಲದೆ? ಪ್ರತಿಯೊಂದೂ ತನಗೆ ಪರಿಚಯವಿರುವ ನಾಲ್ಕಾರರ ಜತೆ ಮಾತಾಡಿಕೊಳ್ಳಬೇಕು, ಅವು ಇನ್ನು ನಾಲ್ಕಾರರ ಜತೆ. ಇದಕ್ಕೆ ಪೀರ್-ಟು-ಪೀರ್ ಅನ್ನುತ್ತಾರೆ. ಈ ವಿಷಯದಲ್ಲಿ ಅವಳಿಗಿಂತ ಮೊದಲು ದುಡಿದವರೆಲ್ಲ ಕಂಪ್ಯೂಟರುಗಳು ಕೊಟ್ಟ ಮಾತಿಗೆ ತಪ್ಪಲಾರವು, ತಪ್ಪಿದರೂ ಅಪರೂಪಕ್ಕೆ ಅಂದುಕೊಂಡು ಪ್ರೋಗ್ರಾಮು ಬರೆದಿದ್ದರು. ಇವಳು ಮೊದಲಿಂದಲೇ ಪ್ರತಿಯೊಂದು ಕಂಪ್ಯೂಟರೂ ತನ್ನ ಹಾಗೇ ಅಂದುಕೊಂಡು ಬರೆದಳು. ಹೂಂ ಅನ್ನುತ್ತದೆ, ಅರ್ಧ ಮಾಡುತ್ತದೆ, ಹೇಳದೆ ಕೇಳದೆ ಎದ್ದು ಹೋಗುತ್ತದೆ.

ಅವಳ ಗೈಡ್ ಆಗಿದ್ದ ಪ್ರೊಫೆಸರಿಗೆ ಈ ಯೋಚನೆ ಹಿಡಿಸಿತ್ತು. ಆದರೆ ಲ್ಯಾಬಿನ ಕಂಪ್ಯೂಟರುಗಳ ಮೇಲೆ ಅವಳು ಮಾಡಿ ತೋರಿಸಿದಾಗ ಮೂಗು ಮುರಿದರು.

"ಇವೆಲ್ಲ ಸಾಧು ಪ್ರಾಣಿಗಳಮ್ಮ. ಕೂರು ಅಂದರೆ ಕೂರ್ತವೆ. ಇವುಗಳ ಹತ್ತಿರ ಕೆಲಸ ತೆಗೆದದ್ದು ಏನು ದೊಡ್ಡದು? ಯಾರ ಮಾತೂ ಕೇಳದ ಮೆಷಿನ್‌ಗಳನ್ನ ಹುಡುಕು. ಕೊಡೋ ಲೆಕ್ಕವೂ ಯಾರಿಗೋ ನಿಜವಾಗಿ ಬೇಕಾದದ್ದಿರಲಿ."

ನಿಜವಾಗಿ ಬೇಕಾಗಿದ್ದವಳು ಹತ್ತಿರದಲ್ಲೇ ಇದ್ದಳು. ಮದುವೆಯಾಗಿ ಅದೇ ಊರಲ್ಲಿ ಬೇರೆ ಮನೆ ಮಾಡಿಕೊಂಡಿದ್ದ ಅವಳ ಅಕ್ಕ ನಗರ ಸಾರಿಗೆ ಕಚೇರಿಯಲ್ಲಿ ಬಸ್ಸುಗಳ ವೇಳಾಪಟ್ಟಿ ಮಾಡುವವಳು. ವರ್ಕ್‌ಶಾಪಿನ ಮೇಲಿನ ಕೋಣೆ, ಮೇಜಿಗೆಲ್ಲ ಡೀಸೆಲ್ ವಾಸನೆ, ಕೆಳಗೆ ಯಾರಾದರೂ ಇಂಜಿನ್ ರೇಸ್ ಮಾಡಿದರೆ ಪೆನ್‌ಸ್ಟ್ಯಾಂಡ್ ತಾನಾಗಿಯೇ ಮೇಜಿನ ಅಂಚಿಗೆ ನಡೆದು ಬರುತ್ತಿತ್ತು. ಮಾರ್ಕೆಟ್ ಸರ್ಕಲ್ಲಿಗೆ ಸ್ಟೇಷನ್ ಕಡೆಯ ಬಸ್ಸು ಬಂದು ನಿಲ್ಲುವುದಕ್ಕೂ ಆಸ್ಪತ್ರೆ ಕಡೆಯ ಬಸ್ಸು ಹೊಗೆ ಬಿಟ್ಟು ಹೊರಡುವುದಕ್ಕೂ ಸರಿಹೋಗುತ್ತಿತ್ತು. ಅದನ್ನು ಸರಿಮಾಡಿದರೆ ಇನ್ನೆಲ್ಲೋ ಎರಡು ಬಸ್ಸು ತಪ್ಪುತ್ತಿದ್ದವು. ಎಲ್ಲ ಬಸ್ಸನ್ನೂ ಒಟ್ಟಿಗೆ ಹೊಂದಿಸಿ ನೋಡು ಅಂತ ಕಚೇರಿಯ ಕಂಪ್ಯೂಟರಿಗೆ ಕೊಟ್ಟರೆ ಅದು ಸ್ವಲ್ಪ ಹೊತ್ತು ಒದ್ದಾಡಿ, ಪರದೆ ನೀಲಿ ಮಾಡಿಕೊಂಡು ಕೈಚೆಲ್ಲುತ್ತಿತ್ತು. ಬಸ್ ಸ್ಟಾಪಿನಲ್ಲಿ ಜನ ಈ ಟೈಮ್ ಟೇಬಲ್ ಮಾಡಿದ ಮಹಾನುಭಾವರನ್ನು ಬಾಯಿಗೆ ಬಂದ ಹಾಗೆ ಬೈಯುವಾಗ ಅಕ್ಕ ಅವರ ಮಧ್ಯದಲ್ಲೇ ನಿಂತಿರುತ್ತಿದ್ದಳು. ಯಾರಾದರೂ ಎಲ್ಲಿ ಕೆಲಸ ಅಂತ ಕೇಳಿದರೆ ಅಕೌಂಟ್ಸ್ ಅನ್ನುತ್ತಿದ್ದಳು.

ತಂಗಿಯ ಗೈಡ್ ಹೇಳಿದ್ದನ್ನು ಕೇಳಿದ್ದೇ ತಡ, ಅಕ್ಕ ಎದ್ದು ನಿಂತಳು. "ನಡಿ, ಕಂಪ್ಯೂಟರ್ ಕೇಳಿಕೊಂಡು ಬರೋಣ."

"ಆಮೇಲೆ ಹೋಗೋಣಕ್ಕ, ಇನ್ನೂ ಪ್ರೋಗ್ರಾಮ್…"

"ಚಪ್ಪಲಿ ಹಾಕ್ಕೋ."

ಮೊದಲು ಸಿಕ್ಕಿಬಿದ್ದವನು ಭಾವನೇ. ಅವನದು ಮುಖ್ಯ ಬೀದಿಯಲ್ಲಿ ಫೋಟೋ ಸ್ಟುಡಿಯೋ. "ನಿನ್ನ ಪ್ರೋಗ್ರಾಮ್ ಬಂದು ನನ್ನ ಕಂಪ್ಯೂಟರಲ್ಲಿರೋ ಫೋಟೋ ಎಲ್ಲ ನೋಡಿಬಿಟ್ರೆ? ಜನ ಪಾಸ್‌ಪೋರ್ಟ್ ಫೋಟೋದಲ್ಲಿ ಹೇಗಿರ್ತಾರೆ ಅಂತ ಹೊರಗೆ ಗೊತ್ತಾದರೆ ನನ್ನ ಅಂಗಡಿ ಮುಚ್ಚಬೇಕು" ಅಂದ.

"ನೋಡಲ್ಲ ಭಾವ. ಅದು ವರ್ಚುವಲ್ ಮೆಷಿನ್. ನಿಮ್ಮ ಕಂಪ್ಯೂಟರಿನ ಒಳಗೇ ಬರೀ ಸಾಫ್ಟ್‌ವೇರಿನಲ್ಲಿ ಕಟ್ಟಿದ ಇನ್ನೊಂದು ಕಂಪ್ಯೂಟರು. ಬಾಡಿಗೆ ಕೋಣೆ ಇದ್ದ ಹಾಗೆ. ನಿಮ್ಮ ಮನೆ ಕಡೆಗೆ ಕಿಟಕಿಯೂ ಇಲ್ಲ, ಬಾಗಿಲೂ ಇಲ್ಲ. ನೀವು ಮೌಸ್ ಮುಟ್ಟಿದ ತಕ್ಷಣ ಅದು ಇದ್ದ ಹಾಗೇ ನಿಂತುಬಿಡುತ್ತೆ. ನೀವು ಆಫ್ ಮಾಡೋಕೆ ಹೊರಟರೆ ಅರ್ಧ ಆದ ಲೆಕ್ಕವನ್ನೂ ಕಟ್ಟಿಕೊಂಡು ಬೇರೆ ಯಾರ ಕಂಪ್ಯೂಟರಿಗಾದ್ರೂ ಹೋಗುತ್ತೆ."

"ಬಾಡಿಗೆ ಕೊಡದೆ ಖಾಲಿ ಮಾಡೋ ಬಾಡಿಗೆದಾರ. ನಿನ್ನ ತಂಗೀನೇ ಸರಿ" ಅಂತ ಹೆಂಡತಿಗೆ ಹೇಳಿ ಒಪ್ಪಿಕೊಂಡ.

ಎದುರಿನ ಹಲ್ಲಿನ ಡಾಕ್ಟರು ಕೇಳುವ ಮೊದಲೇ ಆಯಿತು ಅಂದರು. ಅವರ ಸ್ವಭಾವವೇ ಹಾಗೆ, ಇಲ್ಲ ಅನ್ನುವ ಅಕ್ಷರ ಬಾಯಲ್ಲಿ ಬರುತ್ತಿರಲಿಲ್ಲ. ಆಮೇಲೆ ಟೈಪಿಂಗ್ ಸ್ಕೂಲು, ಡ್ರೈವಿಂಗ್ ಸ್ಕೂಲು, ಎರಡು ಟೈಲರ್ ಅಂಗಡಿ, ಅಕ್ಕನ ಪರಿಚಯದ ಮನೆಗಳು. ಮುಂದೆ ಅಕ್ಕ ಮಾತಾಡುತ್ತ, ಹಿಂದೆ ತಂಗಿ ಪೆನ್‌ಡ್ರೈವ್ ಹಿಡಿದು ನಡೆಯುತ್ತ, ಇಡೀ ಬೀದಿಗೆ ಬೀದಿಯೇ ಹೂಂ ಅಂದಿತು.

ಉಳಿದದ್ದು ಅಕ್ಕನ ಮೇಲಧಿಕಾರಿ. ಅವರು ಎಲ್ಲ ಕೇಳಿಸಿಕೊಂಡು ಕನ್ನಡಕ ತೆಗೆದರು. "ಇಷ್ಟು ಕಂಪ್ಯೂಟರಿಗೆ ಯಜಮಾನ ಯಾರು?"

"ಯಾರೂ ಇಲ್ಲ ಸರ್. ಒಂದಕ್ಕೊಂದು ಮಾತಾಡಿಕೊಂಡು ಮಾಡ್ತವೆ."

"ಹಾಗಾದ್ರೆ ತಪ್ಪಾದಾಗ ನಾನು ಯಾರನ್ನ ಬೈಯಲಿ?"

"ನನ್ನನ್ನೇ ಬೈಯಿರಿ ಸರ್, ಅಭ್ಯಾಸ ಆಗಿದೆ" ಅಂದಳು ಅಕ್ಕ.

ಕೆಲಸ ಶುರುವಾಯಿತು. ಮಹಡಿ ಕೋಣೆಯಲ್ಲಿ ಕೂತು ಆಮೇಲಮ್ಮ ಪರದೆ ಮೇಲಿನ ಚುಕ್ಕಿಗಳನ್ನು ನೋಡುತ್ತಿದ್ದಳು, ಒಂದು ಚುಕ್ಕಿಗೆ ಒಂದು ಕಂಪ್ಯೂಟರು. ಟೈಲರ್ ಕರೆಂಟ್ ಉಳಿಸಲು ಸ್ವಿಚ್ ಆರಿಸಿದ. ಡ್ರೈವಿಂಗ್ ಸ್ಕೂಲಿನ ಕಂಪ್ಯೂಟರು ತುಂಡು ಲೆಕ್ಕ ಇಸಕೊಂಡು ಸಂಜೆವರೆಗೆ ಪತ್ತೆಯಿಲ್ಲ. ಭಾವ ಮ್ಯಾಟಿನಿಗೆ ಹೋಗುವಾಗ ಮೇನ್ ಸ್ವಿಚ್ಚನ್ನೇ ಆರಿಸಿ ಹೋದ. ಒಂದಂತೂ ಎರಡು ಸಲ ತಪ್ಪು ಉತ್ತರ ಕೊಟ್ಟು ಸಿಕ್ಕಿಬಿತ್ತು, ಯಾಕೆಂದರೆ ಅವಳು ಪ್ರತಿ ತುಂಡನ್ನೂ ಮೂವರಿಗೆ ಕೊಟ್ಟು, ಇಬ್ಬರು ಒಪ್ಪಿದ ಉತ್ತರವನ್ನೇ ತೆಗೆದುಕೊಳ್ಳುತ್ತಿದ್ದಳು. ಇಷ್ಟಾದರೂ ಲೆಕ್ಕ ಮಾತ್ರ ಕುಂಟುತ್ತ ಎಡವುತ್ತ ಮುಂದೆ ಹೋಗುತ್ತಿತ್ತು. ಪ್ರತಿಯೊಂದು ಚುಕ್ಕಿ ಆರಿದಾಗಲೂ ಅವಳಿಗೆ ಸ್ವಂತ ಬಂಧುಗಳನ್ನು ಕಂಡಷ್ಟು ಖುಷಿ.

ಮೊದಲ ಉತ್ತರ ಬಂದಾಗ ಅಕ್ಕ ಕುಣಿಯುವುದೊಂದು ಬಾಕಿ. ಊರಲ್ಲಿ ಎಲ್ಲೂ ಯಾರಿಗೂ ಬಸ್ಸು ತಪ್ಪುವುದಿಲ್ಲ. ಆಮೇಲೆ ಬೆರಳಿಟ್ಟು ನೋಡುತ್ತ ನೋಡುತ್ತ ಅವಳ ಮುಖ ಇಳಿಯಿತು. "ಗುಡ್ಡದ ಬಡಾವಣೆಗೆ ಬಸ್ಸೇ ಇಲ್ವಲ್ಲೇ."

ತಂಗಿ ಬಗ್ಗಿ ನೋಡಿದಳು. "ಹೌದು. ಬಸ್ಸಿದ್ದರೆ ತಾನೆ ತಪ್ಪಿಸಿಕೊಳ್ಳೋದು."

ಎಲ್ಲ ಬಡಾವಣೆಗೂ ಬಸ್ಸು ಹೋಗಲೇಬೇಕು, ಡ್ರೈವರುಗಳಿಗೆ ಇಳಿದು ಕೈಕಾಲು ತೊಳೆಯುವಷ್ಟು ಸಮಯ ಬೇಕು ಅಂತ ಅಕ್ಕ ಒಂದೊಂದಾಗಿ ಹೇಳಿದಳು. ತಂಗಿ ಅದನ್ನೆಲ್ಲ ಸೇರಿಸಿ ಲೆಕ್ಕವನ್ನು ಮತ್ತೆ ಹಂಚಿದಳು. ಈ ಸಲ ಲೆಕ್ಕ ಮೊದಲಿನದಕ್ಕಿಂತ ಬಹಳ ದೊಡ್ಡದು.

ಕೆಲವು ದಿನ ಕಳೆದು ಒಂದು ಬೆಳಗ್ಗೆ ಹಲ್ಲಿನ ಡಾಕ್ಟರ ಫೋನು ಬಂತು. "ಸ್ವಲ್ಪ ಬಿಡುವಾದಾಗ ಬಂದು ಹೋಗ್ತೀರಾ? ಅವಸರ ಏನಿಲ್ಲ" ಅಂದರು. ಅವರ ಮಾತಿನ ಹಿಂದೆ ಹಿಟ್ಟಿನ ಗಿರಣಿಯ ಹಾಗೆ ಏನೋ ಅರಚುತ್ತಿತ್ತು. ಆ ಸದ್ದು ಕೇಳಿ ಆಮೇಲಮ್ಮ ಜೀವಮಾನದಲ್ಲಿ ಮೊದಲ ಸಲ ಆಮೇಲೆ ಅನ್ನದೆ ಓಡಿದಳು.

ಹಲ್ಲು ನೋವಿನವರೆಲ್ಲ ಕೆನ್ನೆ ಹಿಡಿದುಕೊಂಡು ಕ್ಲಿನಿಕ್ಕಿನ ಹೊರಗೆ ಬೀದಿಯಲ್ಲಿ ನಿಂತಿದ್ದರು. ಒಳಗೆ ಕುರ್ಚಿಯಲ್ಲಿ ದಪ್ಪ ಮೀಸೆಯ ಒಬ್ಬರು, ಬಾಯಲ್ಲಿ ಹತ್ತಿ, ಕಣ್ಣು ಗುಡ್ಡೆ ಹೊರಗೆ. ಡಾಕ್ಟರು ಎರಡೂ ಕೈ ಎತ್ತಿ ಅವರಿಗೆ ತೋರಿಸುತ್ತಿದ್ದರು. "ನೋಡಿ ಸ್ವಾಮಿ, ಕೈಯಲ್ಲಿ ಏನೂ ಇಲ್ಲ. ಆ ಸದ್ದು ನನ್ನ ಡ್ರಿಲ್ಲಿನದಲ್ಲ." ಅರಚುತ್ತಿದ್ದದ್ದು ಮುಂದಿನ ಮೇಜಿನ ಕೆಳಗಿನ ಕಂಪ್ಯೂಟರಿನ ಫ್ಯಾನು. ಡಬ್ಬಿ ಮುಟ್ಟಿದರೆ ಇಸ್ತ್ರಿ ಪೆಟ್ಟಿಗೆ ಮುಟ್ಟಿದ ಹಾಗಿತ್ತು. ಊರಿನ ಅರ್ಧದಷ್ಟು ವರ್ಚುವಲ್ ಮೆಷಿನ್‌ಗಳು ಬಂದು ಅದರೊಳಗೆ ತುಂಬಿಕೊಂಡಿದ್ದವು.

"ಯಾವಾಗಿಂದ ಹೀಗೆ ಡಾಕ್ಟ್ರೇ?"

"ವಾರದಿಂದ ಸ್ವಲ್ಪ ಸ್ವಲ್ಪ ಇತ್ತು. ಮುಟ್ಟಿದರೆ ನಿಮ್ಮ ಓದಿಗೆ ತೊಂದರೆ ಆಗಬಹುದು ಅಂತ ನಾವ್ಯಾರೂ ಮೌಸ್ ಕೂಡ ಮುಟ್ಟಿಲ್ಲ."

ಅವಳು ನಾಚಿಕೆಯಿಂದ ಹಿಡಿಯಷ್ಟಾದಳು. ಎಲ್ಲ ನಿಲ್ಲಿಸಿ, ರೋಗಿಗಳ ಬೆಂಚಿನ ಮೇಲೆ ಕೂತು ಪ್ರೋಗ್ರಾಮು ಬಿಚ್ಚಿದಳು. ತಪ್ಪು ಸಿಗಲು ಹೊತ್ತಾಗಲಿಲ್ಲ. ಯಾರು ಬಿಟ್ಟು ಹೋಗದೆ ಹೆಚ್ಚು ಕಾಲ ನಿಂತಿದ್ದಾರೋ ಅವರಿಗೇ ಮುಂದಿನ ಕೆಲಸ ಕೊಡು ಅಂತ ಅವಳೇ ಬರೆದಿದ್ದಳು. ಕಾಲು ಕೀಳುವವರ ಕೆಲಸವೆಲ್ಲ ಕದಲದೆ ಕೂತವರ ತಲೆಗೆ ಬಂದು ಕಟ್ಟಿಕೊಂಡಿತ್ತು.

ಆ ಸಾಲನ್ನು ಬರೆಯುವಾಗ ಇದು ಸರಿಯೇ ಅಂತ ಒಂದು ಕ್ಷಣವೂ ಅನುಮಾನ ಬಂದಿರಲಿಲ್ಲ. ಯಾಕೆ ಬಂದಿರಲಿಲ್ಲ ಅಂತ ಯೋಚಿಸಿದಾಗ ಅವಳ ಕಿವಿ ಬಿಸಿಯಾಯಿತು. ಮನೆಯಲ್ಲಿ ನಡೆಯುತ್ತಿದ್ದದ್ದೇ ಹಾಗಲ್ಲವೇ? ಅಮ್ಮನ ಕಣ್ಣಿನ ಆಸ್ಪತ್ರೆ, ಗ್ಯಾಸ್ ಸಿಲಿಂಡರ್, ನೀರಿನ ಬಿಲ್ಲು, ಕೊನೆಗೆ ಇವಳ ಫೆಲೋಶಿಪ್ ಅರ್ಜಿಯನ್ನು ಅಂಚೆಗೆ ಹಾಕುವುದೂ ಅಕ್ಕನ ಪಾಲಿಗೆ. ಅಕ್ಕನಿಗೆ ಇದೆಲ್ಲ ಇಷ್ಟ ಅಂತಲೇ ಅವಳು ನಂಬಿದ್ದಳು.

ಸಂಜೆ ಅಕ್ಕನ ಅಡುಗೆಮನೆಯ ಕಟ್ಟೆ ಮೇಲೆ ಕೂತು ಹೊಸ ನಿಯಮ ವಿವರಿಸಿದಳು. "ಇನ್ನು ಮೇಲೆ ಹೊರೆ ಜಾಸ್ತಿಯಾದ ಕಂಪ್ಯೂಟರು ಆಗಲ್ಲ ಅನ್ನಬಹುದು. ಆಗ ಪಕ್ಕದವರು ಅವರ ಪಕ್ಕದವರನ್ನ ಕೇಳ್ತಾರೆ."

ಅಕ್ಕ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿದಳು. "ಆಗಲ್ಲ ಅಂದ್ರೂ ಕೆಲಸ ನಿಲ್ಲಲ್ವಾ?"

"ನಿಲ್ಲಲ್ಲ. ಸ್ವಲ್ಪ ತಡ ಆಗುತ್ತೆ ಅಷ್ಟೇ."

ಅಕ್ಕ ಹೌದಾ ಅಂದಳು. ಮತ್ತೆ ಈರುಳ್ಳಿ ಹೆಚ್ಚತೊಡಗಿದಳು. ಆದರೆ ಆ ವಾರವೇ ಅಮ್ಮ ಕಣ್ಣಿನ ಆಸ್ಪತ್ರೆಗೆ ಹೋಗಬೇಕು ಅಂತ ಫೋನು ಮಾಡಿದಾಗ, "ನನ್ನ ಕೈಲಿ ಆಗಲ್ಲಮ್ಮ" ಅಂದಳು. ಅಮ್ಮ ಗಾಬರಿಯಾಗಿ ಅರ್ಧ ಗಂಟೆಯಲ್ಲಿ ಅಕ್ಕನ ಮನೆಗೆ ಬಂದು, ಅವಳ ಹಣೆ ಮುಟ್ಟಿ ಜ್ವರ ಇದೆಯಾ ಅಂತ ನೋಡಿದಳು.

ಆಸ್ಪತ್ರೆಗೆ ಆಮೇಲಮ್ಮ ಹೋದಳು. ಅಮ್ಮನ ಕಣ್ಣಿಗೆ ಔಷಧಿ ಹಾಕಿ, ಕಣ್ಣು ಮುಚ್ಚಿಸಿ ಕೂರಿಸಿದ್ದಾಗ ಗೈಡ್ ಫೋನು ಮಾಡಿದರು. ಮಾತಾಡುತ್ತ ಎದ್ದು, ಮಾತಾಡುತ್ತ ಗೇಟು ದಾಟಿ, ಬಸ್ ಸ್ಟಾಪ್ ಸೇರಿದ ಮೇಲೆ ಏನೋ ಬಿಟ್ಟು ಬಂದೆ ಅಂತ ಚೀಲ ತಡಕಿದಳು. ನೆನಪಾಗಿ ಓಡಿ ಬಂದರೆ ಅಮ್ಮ ಕಣ್ಣು ಮುಚ್ಚಿಕೊಂಡೇ ಪಕ್ಕದ ಹೆಂಗಸಿಗೆ ಬುದ್ಧಿ ಹೇಳುತ್ತಿದ್ದಳು, ಮಗಳೇ ಅಂದುಕೊಂಡು. ಆ ಹೆಂಗಸು ಪಾಪ, ಮದುವೆಗೆ ಹೆಚ್ಚುಕಡಿಮೆ ಒಪ್ಪಿಬಿಟ್ಟಿದ್ದಳು.

ವಾಪಸು ಬರುವಾಗ ಮಾರ್ಕೆಟ್ ಸರ್ಕಲ್ಲಿನಲ್ಲಿ ಇಳಿದು ಹತ್ತಬೇಕಿದ್ದ ಎರಡನೇ ಬಸ್ಸು ಕಣ್ಣೆದುರೇ ಹೊರಟುಹೋಯಿತು. ಬಿಸಿಲಲ್ಲಿ ನಿಂತ ಜನ ವೇಳಾಪಟ್ಟಿ ಮಾಡಿದವರ ವಂಶವನ್ನೇ ಜಾಲಾಡಿದರು. ಅಮ್ಮನೂ ದನಿ ಸೇರಿಸಿದಳು. "ತಲೆ ಇದೆಯಾ ಅವರಿಗೆ? ಹೆತ್ತವರು ಏನು ಕಲಿಸಿದ್ರೋ." ಆಮೇಲಮ್ಮ ಅಮ್ಮನ ಸೆರಗು ಜಗ್ಗಿದಳು. ಅಮ್ಮನಿಗೆ ಆಗ ಹೊಳೆಯಿತು; ಸುಮ್ಮನಾಗಿ ಸೆರಗು ತಲೆ ಮೇಲೆ ಎಳೆದುಕೊಂಡಳು. ಅಕ್ಕ ದಿನವೂ ಇದನ್ನೆಲ್ಲ ಕೇಳಿಸಿಕೊಂಡು ಮನೆಗೆ ಬಂದು ಅಡುಗೆ ಮಾಡುತ್ತಾಳೆ ಅನ್ನುವುದು ತಂಗಿಗೆ ಅವತ್ತು ತಟ್ಟಿತು.

ಹೊಸ ನಿಯಮದ ಮೇಲೆ ಲೆಕ್ಕ ತಡವಾಗಿಯೇ ಮುಗಿಯಿತು, ಆದರೆ ಮುಗಿಯಿತು. ಡಾಕ್ಟರ ಕಂಪ್ಯೂಟರು ಡಾಕ್ಟರಿಗೆ ಬಾರದ ಮಾತನ್ನು ದಿನಕ್ಕೆ ಎಷ್ಟೋ ಸಲ ಹೇಳಿ ತಣ್ಣಗೆ ಇತ್ತು. ಡಾಕ್ಟರೇಟಿನ ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು, "ಕೈಕೊಡುವ ಮೆಷಿನ್ ಹೇಗೆ ನಡಕೊಳ್ಳುತ್ತೆ ಅಂತ ಇಷ್ಟು ಚೆನ್ನಾಗಿ ಹೇಗೆ ಅಂದಾಜು ಮಾಡಿದಿರಿ?" ಅಂತ ಕೇಳಿದರು. "ಮನೆಯಲ್ಲೇ ಉದಾಹರಣೆ ಇತ್ತು ಸರ್" ಅಂದಳು. ಗೈಡಿಗೆ ಕೆಮ್ಮು ಬಂತು. ಪರೀಕ್ಷೆಗೆ ಅವಳು ತಡವಾಗಿ ಬಂದಿದ್ದನ್ನು ಯಾರೂ ಎತ್ತಲಿಲ್ಲ.

ಹೊಸ ವೇಳಾಪಟ್ಟಿ ಜಾರಿಗೆ ಬಂದ ಬೆಳಗ್ಗೆ ಅಕ್ಕ ತಂಗಿಯನ್ನು ಎಬ್ಬಿಸಿಕೊಂಡು ಮಾರ್ಕೆಟ್ ಸರ್ಕಲ್ಲಿಗೆ ಹೋದಳು. ಇಬ್ಬರೂ ಹಣ್ಣಿನ ಗಾಡಿಯ ಪಕ್ಕ ಕಳ್ಳರ ಹಾಗೆ ನಿಂತರು. ಸ್ಟೇಷನ್ ಕಡೆಯ ಬಸ್ಸು ಬಂತು. ಆಸ್ಪತ್ರೆ ಕಡೆಯದು ಬಾಗಿಲು ತೆರೆದುಕೊಂಡು ನಿಂತೇ ಇತ್ತು. ಜನ ಒಂದರಿಂದ ಇಳಿದು, ಓಡದೆ, ಕೂಗದೆ, ಮಾತಾಡಿಕೊಂಡೇ ಹೋಗಿ ಇನ್ನೊಂದು ಹತ್ತಿದರು. ಯಾರೂ ತಲೆ ಎತ್ತಿ ಸಹ ನೋಡಲಿಲ್ಲ. ಅಕ್ಕ ಬೈಗುಳಕ್ಕೆ ಕಾಯುವವಳ ಹಾಗೆ ಕಿವಿ ನಿಮಿರಿಸಿಕೊಂಡಿದ್ದಳು. ಕೊನೆಗೆ ಹತ್ತಿದ ಒಬ್ಬ ತನ್ನ ಜತೆಯವನಿಗೆ ಹೇಳಿದ. "ಬಸ್ಸು ಕಾದಿದೆ ನೋಡು. ಡ್ರೈವರ್ ಒಳ್ಳೆಯವನಿರಬೇಕು."

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ತಂಗಿ ಗಾಡಿಯವನಿಂದ ಎರಡು ಸೇಬು ಕೊಂಡಳು. ಅವನ್ನು ತಿನ್ನುತ್ತ ಇಬ್ಬರೂ ಇನ್ನೂ ನಾಲ್ಕು ಬಸ್ಸು ಬಂದು ಹೋಗುವವರೆಗೆ ಅಲ್ಲೇ ನಿಂತಿದ್ದರು.