ಬಿಟ್ಟ ಜಾಗಕ್ಕೆ ಓಡುವವನು

ಕಾಜಾದಮ್ಮನಿಗೆ ಆ ಹೆಸರು ಬಂದದ್ದು ಹೊಲಿಗೆ ಕಾರ್ಖಾನೆಯಲ್ಲಿ. ಅಂಗಿಯ ಗುಂಡಿ ತೂರುವ ಸೀಳಿಗೆ ಕಾಜಾ ಅನ್ನುತ್ತಾರಲ್ಲ, ಯೌವನವಿಡೀ ಅದನ್ನೇ ಹೊಲಿದವಳು. ಕಾಲರ್ ಒಬ್ಬಳದು, ತೋಳು ಇನ್ನೊಬ್ಬಳದು, ಕಾಜಾ ಇವಳದು. ಒಂದು ಇಡೀ ಅಂಗಿಯನ್ನು ಅವಳೊಬ್ಬಳೇ ಹೊಲಿದದ್ದು ಇಲ್ಲವೇ ಇಲ್ಲ. ಆದರೂ "ಊರಲ್ಲಿ ಅರ್ಧ ಗಂಡಸರ ಎದೆ ಮುಚ್ಚಿಸಿರೋಳು ನಾನೇ" ಎಂದು ನಗುತ್ತಿದ್ದಳು. ಅವಳು ಕೆಲಸ ಬಿಟ್ಟಳು, ಹೆಸರು ಅವಳನ್ನು ಬಿಡಲಿಲ್ಲ.

ಅವಳ ಒಬ್ಬನೇ ಮಗ ಫುಟ್‌ಬಾಲ್ ಆಡಿ ಸಂಬಳ ತರುತ್ತಿದ್ದ. ಗೋಲು ಹೊಡೆಯುವವನಲ್ಲ. ಆದರೂ ಪತ್ರಿಕೆಯವರು ಅವನನ್ನು 'ತಂಡಕ್ಕೆಂದೇ ಹುಟ್ಟಿದವನು' ಎಂದು ಬರೆಯುತ್ತಿದ್ದರು. ತನಗೆಂದು ಏನನ್ನೂ ಬಯಸದವನು, ಬೇರೆಯವರ ತಪ್ಪನ್ನು ತನ್ನ ಕಾಲಿನಿಂದ ತಿದ್ದುವವನು ಎಂದೆಲ್ಲ. ಓದಿದಾಗಲೆಲ್ಲ ಕಾಜಾದಮ್ಮನಿಗೆ ಒಂದೇ ಕುತೂಹಲ: ಇದು ನಮ್ಮವನ ಬಗ್ಗೆ ಬರೆದದ್ದೇನಾ? ಉಂಡ ತಟ್ಟೆಯನ್ನು ಉಂಡಲ್ಲೇ ಬಿಟ್ಟು ಏಳುವ, ಒದ್ದೆ ಟವಲನ್ನು ಹಾಸಿಗೆಗೆ ಎಸೆಯುವ, ಮಗು ಅತ್ತರೆ ಮಲಗಿದಲ್ಲಿಂದಲೇ "ಯಾರಾದ್ರೂ ನೋಡ್ರೇ" ಎಂದು ಕೂಗುವ ನಮ್ಮವನ ಬಗ್ಗೆಯೇನಾ? ಆ 'ಯಾರಾದ್ರೂ' ಎಂಬವರು ಮನೆಯಲ್ಲಿ ಇದ್ದದ್ದು ಇಬ್ಬರೇ: ತಾಯಿ ಮತ್ತು ಹೆಂಡತಿ.

ಮಗನ ಆಟವನ್ನು ಅವಳು ಮೈದಾನಕ್ಕೆ ಹೋಗಿ ನೋಡಿದ್ದೇ ಇಲ್ಲ. ಪಂದ್ಯದ ಹೊತ್ತೇ ಅಡುಗೆಯ ಹೊತ್ತು. ಆಡಿ ಬಂದವನಿಗೆ ಊಟ ಬಿಸಿಯಾಗಿರಬೇಕು. ಒಲೆಯ ಮುಂದಿನಿಂದ ಕತ್ತು ಚಾಚಿ ಟಿವಿ ನೋಡಿದರೆ ಅಲ್ಲಿ ಚೆಂಡು ಕಾಣುತ್ತಿತ್ತು, ಮಗ ಕಾಣುತ್ತಿರಲಿಲ್ಲ.

ಸೊಸೆಯೂ ಆಟಗಾರ್ತಿಯೇ. ವಾಲಿಬಾಲ್ ತಂಡದಲ್ಲಿ ಅವಳು ಚೆಂಡನ್ನು ಎತ್ತಿಕೊಡುವವಳು. ಅವಳು ಎತ್ತಿಕೊಟ್ಟದ್ದನ್ನು ಬೇರೆಯವರು ಬಡಿದು ಚಪ್ಪಾಳೆ ಗಿಟ್ಟಿಸುತ್ತಿದ್ದರು. ಹೆರಿಗೆಗೆಂದು ಬಿಟ್ಟವಳು ಮತ್ತೆ ಹೋಗಿರಲಿಲ್ಲ. ಈಗ ಕೋಚ್ ಫೋನ್ ಮಾಡಿದ್ದರು. ಸೋಮವಾರದ ಅಭ್ಯಾಸಕ್ಕೆ ಬಂದರೆ ಜಾಗ ಅವಳದು, ಬರದಿದ್ದರೆ ಬೇರೆ ಹುಡುಗಿ ಸಿದ್ಧಳಿದ್ದಾಳೆ. ಬಿಟ್ಟರೆ ಇನ್ನು ಆಟ ಮುಗಿದ ಹಾಗೇ ಎಂದು ಸೊಸೆಗೆ ಗೊತ್ತಿತ್ತು.

ಊಟಕ್ಕೆ ಕೂತಾಗ ಮಾತು ಎದ್ದಿತು.

"ಮನೇನೂ ಒಂದು ಟೀಮೇ ಅಲ್ವಾ?" ಎಂದ ಮಗ. "ಎಲ್ಲರೂ ಮುಂದೆ ಓಡಿದ್ರೆ ಆಗುತ್ತಾ? ಯಾರಾದ್ರೂ ಒಬ್ರು ಹಿಂದೆ ನಿಲ್ಲಬೇಕು."

"ಆ ಒಬ್ರು ಯಾವಾಗ್ಲೂ ನಾನೇನಾ?" ಎಂದಳು ಸೊಸೆ.

ಅವನು ತನ್ನ ತಂಡದ ಗೋಲುವೀರನ ಮೇಲೆ ಹರಿಹಾಯ್ದ. ಜನ ಅವನನ್ನು ಚಿರತೆ ಅನ್ನುತ್ತಿದ್ದರು. "ಸ್ವಾರ್ಥಿ ನನ್ಮಗ! ಪಕ್ಕದಲ್ಲೇ ನಿಂತಿರೋನಿಗೆ ಪಾಸ್ ಕೊಡಲ್ಲ. ಬಾಲು ಆಕಾಶದಿಂದ ಉದುರುತ್ತೆ ಅಂದ್ಕೊಂಡಿದಾನೆ. ಹಿಂದೆ ಎಷ್ಟು ಜನ ಬೆವರು ಸುರಿಸಿ ತಂದ್ಕೊಟ್ರು ಅಂತ ತಿರುಗಿ ಕೂಡ ನೋಡಲ್ಲ."

ಹೇಳುತ್ತಲೇ ತಟ್ಟೆಯನ್ನು ಮುಂದಕ್ಕೆ ತಳ್ಳಿದ. ಅದು ತುಂಬಿತು. ತುಂಬಿದ ಕೈ ಯಾರದೆಂದು ಅವನು ತಲೆಯೆತ್ತಿ ನೋಡಲಿಲ್ಲ. ಕಾಜಾದಮ್ಮ ಸೌಟು ಹಿಡಿದ ತನ್ನ ಕೈಯನ್ನು ತಾನೇ ಒಮ್ಮೆ ನೋಡಿಕೊಂಡಳು.

ಭಾನುವಾರ ಮಗನ ತಂಡದ ಗೋಲ್‌ಕೀಪರನ ಹೆಂಡತಿ ಬಾಗಿಲಿಗೆ ಬಂದಳು. ಆಟಗಾರರ ಮನೆಯವರಿಗೆ ಪಂದ್ಯ ನೋಡಲು ಕೊಡುವ ಪಾಸ್ ಒಂದು ಹೆಚ್ಚಿಗೆ ಇದೆ, ಯಾರು ಬರುತ್ತೀರಿ? ಸೊಸೆ ತರಕಾರಿ ಹೆಚ್ಚುತ್ತಿದ್ದ ಅತ್ತೆಯ ಕೈಯಿಂದ ಚಾಕು ಕಸಿದು, "ನೀವು ಹೋಗಿ ಅತ್ತೆ. ಒಂದ್ಸಲ ನೋಡ್ಬಿಡಿ ಅದೇನು ಅಂತ" ಎಂದಳು.

ಮೈದಾನದಲ್ಲಿ ಸಾವಿರಾರು ಕಣ್ಣು ಚೆಂಡಿನ ಹಿಂದೆ. ಕಾಜಾದಮ್ಮನ ಕಣ್ಣು ಮಾತ್ರ ಮಗನ ಹಿಂದೆ. ನೋಡುತ್ತ ನೋಡುತ್ತ ಅವಳ ಮುಖ ಸಪ್ಪೆಯಾಯಿತು. ಚೆಂಡು ಎಡಕ್ಕಿದ್ದರೆ ಇವನು ಬಲಕ್ಕೆ. ಎಲ್ಲರೂ ಮುಂದೆ ನುಗ್ಗಿದರೆ ಇವನು ಹಿಂದಕ್ಕೆ. ಆಗಾಗ ಭುಜದ ಮೇಲಿಂದ ಕತ್ತು ಹೊರಳಿಸಿ ನೋಡುವುದು, ಯಾರೂ ಇಲ್ಲದ ಕಡೆ ಹೋಗಿ ನಿಲ್ಲುವುದು.

"ಅಯ್ಯೋ, ಇಲ್ಲೂ ಮೈಗಳ್ಳತನಾನಾ ಇವಂದು?" ಎಂದುಬಿಟ್ಟಳು.

ಗೋಲ್‌ಕೀಪರನ ಹೆಂಡತಿ ಬಿದ್ದು ಬಿದ್ದು ನಕ್ಕಳು. "ಇಲ್ಲ ಆಂಟಿ! ಆ ಉದ್ದ ಕೂದಲಿನವನನ್ನ ನೋಡಿ. ಅವನು ತನ್ನ ಜಾಗ ಬಿಟ್ಟು ಮುಂದೆ ಓಡ್ತಾನಲ್ಲ, ಆಗ ಅಲ್ಲಿ ಖಾಲಿ ಆಗುತ್ತೆ. ನಿಮ್ಮ ಮಗ ಹೋಗಿ ಅದನ್ನ ತುಂಬ್ತಾನೆ. ಇಲ್ದಿದ್ರೆ ಅಲ್ಲಿಂದ ಎದುರು ಟೀಮಿನವ್ರು ನುಗ್ಗಿಬಿಡ್ತಾರೆ, ನಮ್ಮೆಜಮಾನ್ರ ಗತಿ ಮುಗೀತು."

ಕಾಜಾದಮ್ಮ ಮತ್ತೆ ನೋಡಿದಳು. ಉದ್ದ ಕೂದಲಿನವನು ಓಡಿದ. ಮಗ ಕತ್ತು ಹೊರಳಿಸಿದ, ಸರಿದ, ನಿಂತ. ಯಾರೂ ಕರೆದಿರಲಿಲ್ಲ. ಯಾರೂ ಚಪ್ಪಾಳೆಯನ್ನೂ ತಟ್ಟಲಿಲ್ಲ.

ಇದು ಅವಳಿಗೆ ಗೊತ್ತಿದ್ದ ಕೆಲಸ! ಕಾರ್ಖಾನೆಯಲ್ಲಿ ಕಾಲರಿನವಳು ಕೂಸಿಗೆ ಹಾಲೂಡಿಸಲು ಎದ್ದರೆ ಪಕ್ಕದವಳು ಅವಳ ಮೆಷಿನ್ನಿಗೆ ಸರಿಯುತ್ತಿದ್ದಳು, ಪಕ್ಕದವಳದಕ್ಕೆ ಇವಳು. ಮೇಸ್ತ್ರಿ ಬರುವ ಹೊತ್ತಿಗೆ ಎಲ್ಲೂ ಬಟ್ಟೆಯ ಕಟ್ಟು ರಾಶಿ ಬಿದ್ದಿರುತ್ತಿರಲಿಲ್ಲ. "ಸ್ವಲ್ಪ ನೋಡ್ಕೋ" ಎಂದು ಯಾರೂ ಕೇಳುತ್ತಿರಲಿಲ್ಲ. ಕಟ್ಟು ಬೆಳೆಯುವುದು ಕಾಣುತ್ತಿತ್ತು, ಕೈ ಹೋಗುತ್ತಿತ್ತು.

ಹಾಗಾದರೆ ಇವನಿಗೆ ಇಷ್ಟು ದೊಡ್ಡ ಮೈದಾನದಲ್ಲಿ ಕಾಣುವುದು ಅಷ್ಟು ಚಿಕ್ಕ ಮನೆಯಲ್ಲಿ ಯಾಕೆ ಕಾಣುವುದಿಲ್ಲ? ಹೊಸ್ತಿಲಲ್ಲಿ ಬೂಟಿನ ಜೊತೆ ಕಣ್ಣನ್ನೂ ಕಳಚಿಡುತ್ತಾನೋ? ಗೆದ್ದರೋ ಸೋತರೋ ಅವಳು ಗಮನಿಸಲೇ ಇಲ್ಲ. ಮನೆಗೆ ವಾಪಸಾಗುವ ಬಸ್ಸಿನಲ್ಲಿ ಮಗನ ಪಕ್ಕ ಕೂತು ಕೇಳಿದಳು.

"ಅಲ್ವೋ, ಅವನು ಜಾಗ ಬಿಟ್ಟ ಅಂತ ನಿಂಗೆ ಯಾರು ಹೇಳ್ತಾರೆ?"

ಮಗನ ಮುಖ ಅರಳಿತು. ತಾಯಿ ಆಟದ ಬಗ್ಗೆ ಕೇಳಿದ್ದು ಇದೇ ಮೊದಲು. "ಯಾರೂ ಹೇಳಲ್ಲಮ್ಮ. ಖಾಲಿ ಆಗಿದ್ದು ಕಾಣುತ್ತೆ. ಕಂಡ್ರೆ ಕಾಲು ತಾನಾಗೇ ಓಡುತ್ತೆ."

"ಖಾಲಿ ಆಗದೇ ಇದ್ರೆ?"

"ಆಗದೇ ಇದ್ರೆ ನಾನ್ಯಾಕಮ್ಮ ಹೋಗ್ಲಿ? ಒಬ್ಬ ನಿಂತಿರೋ ಕಡೆ ಇನ್ನೊಬ್ಬ ಹೋಗಿ ನಿಂತ್ರೆ ಕೋಚ್ ಬೈತಾರೆ."

ಕಾಜಾದಮ್ಮ ಕಿಟಕಿಯ ಕಡೆ ತಿರುಗಿ ಕೂತಳು. ಅವಳ ಮನೆಯಲ್ಲಿ ಯಾವ ಜಾಗವೂ ಎಂದೂ ಖಾಲಿಯಾಗಿರಲಿಲ್ಲ. ಲೋಟ ಬರಿದಾಗುವ ಮೊದಲೇ ತುಂಬುತ್ತಿತ್ತು, ಮಗು ಎರಡನೇ ಸಲ ಅಳುವ ಮೊದಲೇ ಯಾರದೋ ಸೊಂಟದ ಮೇಲಿರುತ್ತಿತ್ತು. ಸೊಸೆ ಎದ್ದರೆ ಅತ್ತೆ, ಅತ್ತೆ ಎದ್ದರೆ ಸೊಸೆ. ಪಾಪ, ಅವನಿಗೆ ಕಾಣುವುದಾದರೂ ಏನು?

ಸೋಮವಾರ ಬೆಳಿಗ್ಗೆ ಮಗನಿಗೆ ರಜೆ. ಅವನು ಮುಸುಕೆಳೆದು ಮಲಗಿದ್ದ. ಕಾಜಾದಮ್ಮ ಸೊಸೆಯ ಮುಂದೆ ಅವಳ ಶೂಗಳನ್ನು ತಂದಿಟ್ಟಳು.

"ಮಗೂನ ನೀವು ನೋಡ್ಕೋತೀರಾ ಅತ್ತೆ?"

"ನಾನೂ ಇರಲ್ಲ. ನಾನಿದ್ರೆ ಜಾಗ ಖಾಲಿ ಆಗಲ್ಲ ಕಣೇ. ನೀನು ಹೋಗಿ ಕೋಚ್‌ಗೆ ಹೂಂ ಅನ್ನು."

"ಅವರಿಗೆ ಹಾಲಿನ ಪುಡಿ ಎಲ್ಲಿದೆ ಅಂತಾನೂ ಗೊತ್ತಿಲ್ಲ!"

"ಡಬ್ಬಿಗೆ ಕಾಲಿಲ್ಲ, ಅವನಿಗಿದೆ. ನಡಿ ನಡಿ."

ಸೊಸೆ ಮಗುವಿನ ಕಡೆ ನೋಡಿದಳು, ಗಡಿಯಾರದ ಕಡೆ ನೋಡಿದಳು, ಶೂ ಕಟ್ಟಿಕೊಂಡು ಹೊರಟೇಬಿಟ್ಟಳು. ಕಾಜಾದಮ್ಮ ಹೊರಗಿನ ಮಹಡಿ ಮೆಟ್ಟಿಲ ಮೇಲೆ, ಅಡುಗೆಮನೆಯ ಕಿಟಕಿ ಕಾಣುವ ಹಾಗೆ, ಮೈದಾನದಲ್ಲಿ ಕೂತಂತೆಯೇ ಕೂತಳು.

ಮಗು ಎದ್ದಿತು. ಅತ್ತಿತು. "ಯಾರಾದ್ರೂ ನೋಡ್ರೇ!" ಒಳಗಿನಿಂದ ಕೂಗು. ಮಗು ಇನ್ನೂ ಅತ್ತಿತು. "ಅಮ್ಮಾ!" ಕಾಜಾದಮ್ಮನ ಮಂಡಿ ತಾನಾಗೇ ಏಳಹೊರಟಿತು. ಎರಡೂ ಕೈಯಿಂದ ಅದನ್ನು ಅದುಮಿ ಹಿಡಿದಳು.

ಮಗ ಕಣ್ಣುಜ್ಜುತ್ತ ಅಡುಗೆಮನೆಗೆ ಬಂದ. ಸೊಂಟದ ಮೇಲೆ ಮಗು. ನಡುವೆ ನಿಂತು ಭುಜದ ಮೇಲಿಂದ ಕತ್ತು ಹೊರಳಿಸಿದ, ಎಡಕ್ಕೊಮ್ಮೆ, ಬಲಕ್ಕೊಮ್ಮೆ. ಅದೇ ಹೊರಳು! ಕಾಜಾದಮ್ಮ ಉಸಿರು ಹಿಡಿದಳು. ಅವನು ಕಪಾಟು ತೆರೆದ. ಅದು ಪಾತ್ರೆಗಳದು. 'ಅದಲ್ವೋ ಪೆದ್ದ, ಮೇಲಿಂದು' ಎನ್ನುವುದು ನಾಲಗೆಯ ತುದಿಗೆ ಬಂತು, ನುಂಗಿದಳು. ಮಗುವನ್ನು ಕೆಳಗಿಳಿಸಿದ. ಅದು ಅಂಬೆಗಾಲಿಟ್ಟು ಸೀದಾ ಬಾಗಿಲ ಕಡೆ ಹೊರಟಿತು. ಅವನು ಕಪಾಟು ಬಿಟ್ಟು, ಒಂದೇ ಹೆಜ್ಜೆಗೆ ಪಕ್ಕಕ್ಕೆ ಸರಿದು ಬಾಗಿಲಿಗೂ ಮಗುವಿಗೂ ನಡುವೆ ಬಂದು ನಿಂತ. ಆಗಲೇ ಕಿಟಕಿಯಾಚೆ ತಾಯಿ ಕಂಡಳು.

"ಅಮ್ಮಾ! ಅಲ್ಲೇನ್ ಮಾಡ್ತಿದೀಯಾ? ಇವಳೆಲ್ಲಿ?"

"ಪ್ರಾಕ್ಟೀಸಿಗೆ. ಬರ್ತೀನಿ ಅಂತ ಹೇಳೋಕೆ ಹೋಗಿದಾಳೆ."

 ಮಗು ಅವನ ಪ್ಯಾಂಟು ಹಿಡಿದು ಎದ್ದು ನಿಲ್ಲಲು ನೋಡುತ್ತಿತ್ತು. ಅವನಿಗೇ ತಿಳಿಯದಂತೆ ಅವನ ಕೈ ಅದರ ಬೆನ್ನಿಗೆ ಹೋಯಿತು.

"ಇವತ್ತೊಂದೇ ದಿನ ತಾನೇ?"

"ಸೀಸನ್ ಪೂರ್ತಿ."

"ಸರಿ, ಹಾಲಿನ ಪುಡಿ ಎಲ್ಲಿದೆ ಅದನ್ನಾದ್ರೂ ಹೇಳು."

"ನಾನು ಆಟ ನೋಡೋಕೆ ಬಂದೋಳು ಕಣೋ" ಎಂದಳು ಕಾಜಾದಮ್ಮ, ಕಾಲು ನೀಡಿ ಕೂತು. "ನೋಡೋರು ಒಳಗೆ ಇಳಿಯೋ ಹಾಗಿಲ್ಲ."

ಅವನು ಗೊಣಗುತ್ತ ಪಕ್ಕದ ಕಪಾಟು ತೆರೆದ. ಅದೂ ಅಲ್ಲ. ಕಾಜಾದಮ್ಮ ಕತ್ತು ಚಾಚಿದಳು.