ಸಂತೆ ನೆರೆಯುವ ಮುನ್ನ ಸಂಗೀತ

"ಏಯ್, ಆ ಮೂಲಂಗಿ ಮೂಟೆ ಅಲ್ಲಿ ಇಳಿಸ್ಬೇಡ್ರೋ! ಅಲ್ಲಿ ಮಾರಿಂಬಾ ನಿಲ್ಬೇಕು!"

ಶೇಲಾ ಪಟ್ಟಣದ ದೊಡ್ಡ ಮಾರುಕಟ್ಟೆಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಸಾಂತಾ ಮರಿಯಾ ಅಗ್ನಿಪರ್ವತದ ಕಡೆಯಿಂದ ಇಳಿದು ಬಂದ ಚಳಿಗೆ ಹಮಾಲಿಗಳು ಬಾಯಿ ತೆರೆದರೆ ಬರೀ ಹೊಗೆ. ಹೂವಿನ ಅಂಗಡಿಗಳ ಮುಂದೆ, ತಗಡಿನ ಸೂರಿನ ಕೆಳಗೆ, ಫೆಲಿಸಾ ಶಿಕರಾ ಹಮಾಲಿಗಳನ್ನು ಗದರುತ್ತಲೇ ಉದ್ದ ಪೊರಕೆ ಹಿಡಿದು ನೆಲದ ನೀರು ನೂಕುತ್ತಿದ್ದಾರೆ. ಕೈಮಗ್ಗದ ನೀಲಿ ಲಂಗ, ಮೇಲೆ ಒಂದರ ಮೇಲೊಂದು ಎರಡು ಸ್ವೆಟರ್, ಎದೆಯ ಮೇಲೆ ವಿಶ್ವವಿದ್ಯಾಲಯದ ಗುರುತಿನ ಚೀಟಿ. ನಾಲ್ವರು ಗಂಡಸರು ಮರದ ಪಟ್ಟಿಗಳನ್ನು ಕೋಲುಗಳಿಂದ ತಟ್ಟಿ ನುಡಿಸುವ, ಆಳುದ್ದಕ್ಕೂ ಮಿಗಿಲಾದ ಮಾರಿಂಬಾ ವಾದ್ಯವನ್ನು ಕ್ಯಾರೆಟ್ ಬುಟ್ಟಿಗಳ ಸಂದಿಯಲ್ಲಿ ಓರೆ ಮಾಡಿ ತರುತ್ತಿದ್ದಾರೆ. ಹಿಂದೆ ಸಂಗೀತದ ಮೇಷ್ಟ್ರು ಅನ್ಸೆಲ್ಮೊ ರೊದಾಸ್, ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು, "ಮೆಲ್ಲಗೆ, ಮೆಲ್ಲಗೆ, ಅದು ಆಲೂಗಡ್ಡೆ ಮೂಟೆ ಅಲ್ಲ" ಎಂದು ಗೊಣಗುತ್ತಾ ಬರುತ್ತಾರೆ.

"ಆಲೂಗಡ್ಡೆ ಆಗಿದ್ರೆ ಇಷ್ಟೊತ್ತಿಗೆ ಮಾರಿ ಮನೇಗ್ ಹೋಗ್ತಿದ್ವಿ ಮೇಷ್ಟ್ರೇ," ಎನ್ನುತ್ತಾನೆ ಒಬ್ಬ ಹಮಾಲಿ. ಫೆಲಿಸಾ ನಗುವುದಿಲ್ಲ. ಮಾರಿಂಬಾದ ಕಾಲು ಊರುವ ಜಾಗವನ್ನು ಗೋಣಿತಾಟಿನಿಂದ ಒರೆಸುತ್ತಿದ್ದಾರೆ.

ವಿಶ್ವವಿದ್ಯಾಲಯದ ಉಚಿತ ಕಲಾ ಕಾರ್ಯಕ್ರಮ ಇಂದು ಆರು ಗಂಟೆಗೆ ಶುರುವಾಗಬೇಕು. ಸಂಜೆಯ ಆರಲ್ಲ, ಬೆಳಗಿನ ಆರು.

ಈ ಕಾರ್ಯಕ್ರಮಕ್ಕೆ ಬಹಳ ವರ್ಷಗಳ ಇತಿಹಾಸವಿದೆ. ಸಂಗೀತ, ನಾಟಕ, ಬೊಂಬೆಯಾಟ, ಚಿತ್ರಗಳ ಪ್ರದರ್ಶನ, ಎಲ್ಲವೂ ಪುಕ್ಕಟೆ. ಪ್ರತಿ ತಿಂಗಳ ಭಿತ್ತಿಪತ್ರದ ಕೆಳಗೆ ದಪ್ಪಕ್ಷರದಲ್ಲಿ "ಎಲ್ಲರಿಗೂ ಸ್ವಾಗತ" ಎಂದಿರುತ್ತದೆ. ಸಭಾಂಗಣದ ಬಾಗಿಲು ಕಾಯುವ ಫೆಲಿಸಾರಿಗೆ ಆ ಎರಡು ಪದಗಳ ಮೇಲೆ ಹಳೆಯ ತಕರಾರು. "ಎಲ್ಲರಿಗೂ ಅಂತ ಗೋಡೆಗೆ ಅಂಟಿಸಿದ್ರೆ ಎಲ್ಲರೂ ಬಂದ್ಬಿಡ್ತಾರಾ? ಹೋಗಿ ಕರೀಬೇಕು. ಕರೆದ್ಮೇಲೆ ಒಳಗೆ ಬಿಡ್ಬೇಕು," ಎನ್ನುತ್ತಾರೆ.

ಆ ಮಾತಿನ ಹಿಂದೆ ಅವರ ತಾಯಿ ಇದ್ದಾರೆ. ಪೌಲಾ ಶಿಕರಾ ಇದೇ ಮಾರುಕಟ್ಟೆಯಲ್ಲಿ ಮುಸುಕಿನ ಜೋಳದ ಬಿಸಿ ಗಂಜಿ ಮಾರುತ್ತಿದ್ದರು. ಫೆಲಿಸಾ ಹುಟ್ಟಿ ಬೆಳೆದದ್ದು ಗಂಜಿಯ ಹಂಡೆಯ ಪಕ್ಕದಲ್ಲಿ. ಮದುವೆಯಾಗಿ, ಬಸ್ಸಿನ ಕ್ಲೀನರ್ ಆಗಿದ್ದ ಗಂಡ ಘಟ್ಟದ ತಿರುವಿನ ಅಪಘಾತದಲ್ಲಿ ತೀರಿಕೊಂಡ ಮೇಲೆ, ಎರಡು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ವಿಶ್ವವಿದ್ಯಾಲಯದಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿದರು. ಒಂದು ಸಂಜೆ ಪರದೆಯ ಹಿಂದೆ ಗುಡಿಸುತ್ತಿದ್ದಾಗ ಮಾರಿಂಬಾ ಕೇಳಿಸಿತು. ಊರ ಮದುವೆಗಳಲ್ಲಿ ಕೇಳಿದ್ದೇ, ಆದರೆ ಆವತ್ತು ಅದನ್ನು ಜನ ಕುಡಿದು ಕುಣಿಯದೆ, ಸುಮ್ಮನೆ ಕೂತು ಕೇಳುತ್ತಿದ್ದರು. ಪೊರಕೆ ಗೋಡೆಗೊರಗಿಸಿ ಅವರೂ ನಿಂತು ಕೇಳಿದರು. ಇದನ್ನು ಅಮ್ಮನಿಗೆ ಕೇಳಿಸಬೇಕು ಎನ್ನಿಸಿತು.

ಪೌಲಾ ಸುಲಭಕ್ಕೆ ಒಪ್ಪಲಿಲ್ಲ. "ಅದು ಓದಿದೋರ ಜಾಗ ಕಣೇ, ನಾನ್ಯಾಕೆ?" ಎನ್ನುತ್ತಿದ್ದರು. ಕೊನೆಗೆ ಮಗಳ ಕಾಟ ತಾಳಲಾರದೆ ಒಂದು ಶುಕ್ರವಾರ ವ್ಯಾಪಾರ ಮುಗಿಸಿ, ಬುಟ್ಟಿ ತಲೆಯ ಮೇಲಿಟ್ಟುಕೊಂಡೇ ಬಂದರು. ಬಾಗಿಲಲ್ಲಿದ್ದ ಕಾವಲಿನವನು ತಡೆದ. ಬುಟ್ಟಿ ಹೊರಗಿಟ್ಟು ಬಾ ಎಂದ. ಬುಟ್ಟಿಯೊಳಗೆ ಹಂಡೆ, ಲೋಟಗಳು, ಮಾರನೆಯ ದಿನದ ಜೋಳದ ಹಿಟ್ಟು. ಹೊರಗೆ ಬೀದಿ. ಪೌಲಾ ಬುಟ್ಟಿ ಇಳಿಸಲೂ ಇಲ್ಲ, ಜಗಳಕ್ಕೂ ನಿಲ್ಲಲಿಲ್ಲ, ತಿರುಗಿ ನಡೆದರು. ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಅವರು ತೀರಿಕೊಂಡು ಬಹಳ ಕಾಲವಾಯಿತು.

"ಬೈದಿದ್ರೆ ಮರೆತು ಹೋಗ್ತಿತ್ತು," ಎನ್ನುತ್ತಾರೆ ಫೆಲಿಸಾ. "ಅಮ್ಮ ಬೈಲಿಲ್ಲ. ನಾನು ಮೊದ್ಲೇ ಹೇಳಿದ್ನಲ್ಲ ಅನ್ನೋ ಹಂಗೆ ಒಂದ್ಸಲ ನೋಡಿದ್ಲು, ಅಷ್ಟೇ."

ಮುಂದೆ ಬಾಗಿಲಿನ ಕೆಲಸ ತಮಗೇ ಬಂದಾಗ ಫೆಲಿಸಾ ಯಾರ ಅಪ್ಪಣೆಗೂ ಕಾಯಲಿಲ್ಲ. ಕೊನೆಯ ಸಾಲಿನ ಕುರ್ಚಿಗಳನ್ನು ಬುಟ್ಟಿಗಳಿಗೆ ಬಿಟ್ಟುಕೊಟ್ಟರು. ಕೋಳಿ ಇದ್ದ ಬುಟ್ಟಿಗೆ ಮಾತ್ರ ಪ್ರವೇಶವಿಲ್ಲ. ಅದನ್ನು ತಮ್ಮ ಸ್ಟೂಲಿನ ಪಕ್ಕ ಇಟ್ಟುಕೊಂಡು ತಾವೇ ಕಾಯುತ್ತಿದ್ದರು.

ಇಷ್ಟಾದರೂ ಮಾರುಕಟ್ಟೆಯ ಹೆಂಗಸರು ಬಂದದ್ದು ಬೆರಳೆಣಿಕೆಯಷ್ಟು. ಎರಡನೆಯ ಕೋಳಿ ಕೂಗುವ ಮೊದಲೇ ಏಳುವವರಿಗೆ ಸಂಜೆ ಏಳರ ಕಛೇರಿಯೆಂದರೆ ನಡುರಾತ್ರಿ. ಬಂದವರೂ ದೀಪ ಆರಿದ ಕೂಡಲೇ ನಿದ್ದೆಗೆ ಜಾರುತ್ತಿದ್ದರು. ಗೊರಕೆಯ ಬಗ್ಗೆ ದೂರು ಬಂದಾಗ ಫೆಲಿಸಾ, "ದುಡಿದ ಜೀವ, ಒಳ್ಳೆ ಸಂಗೀತದಲ್ಲಿ ಒಳ್ಳೆ ನಿದ್ದೆ. ನಿಮಗೇನು ನಷ್ಟ?" ಎಂದಿದ್ದರಂತೆ. ಆದರೆ ಒಳಗೊಳಗೆ ಅವರಿಗೂ ಇದು ಸರಿ ಹೋಗಿರಲಿಲ್ಲ.

ದಾರಿ ತೆರೆದದ್ದು ಭೂಕಂಪ. ಕಳೆದ ವರ್ಷ ಸಭಾಂಗಣದ ಮಾಡು ಬಿರುಕು ಬಿಟ್ಟಿತು. ಎಂಜಿನಿಯರುಗಳು ಬಂದು ಬಾಗಿಲಿಗೆ ಬೀಗ ಜಡಿದು ಹೋದರು. ಕಾರ್ಯಕ್ರಮದ ನಿರ್ದೇಶಕಿ ನೋರಾ ಎಸ್ಕೊಬೆದೊ ಸಿಬ್ಬಂದಿಯನ್ನು ಕರೆದು, ವರ್ಷದ ಉಳಿದ ಕಾರ್ಯಕ್ರಮಗಳು ರದ್ದು, ಫೆಲಿಸಾ ನಾಳೆಯಿಂದ ಗ್ರಂಥಾಲಯದ ಉಗ್ರಾಣಕ್ಕೆ, ಎಂದರು. ಒಮ್ಮೆ ನಿಂತ ಕಾರ್ಯಕ್ರಮ ಮತ್ತೆ ಏಳುವುದು ಅನುಮಾನ ಎಂಬುದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

"ಬಿರುಕು ಬಿಟ್ಟಿರೋದು ಮಾಡು, ಮೇಡಂ. ಮಾರಿಂಬಾ ಗಟ್ಟಿಯಾಗೇ ಇದೆಯಲ್ಲ?" ಎಂದರು ಫೆಲಿಸಾ.

"ಎಲ್ಲಿ ಬಾರಿಸೋದು ಫೆಲಿಸಾ, ಬೀದೀಲಾ?"

"ಮಾರುಕಟ್ಟೇಲಿ. ಬೆಳಿಗ್ಗೆ ಆರಕ್ಕೆ."

ಮೇಷ್ಟ್ರು ರೊದಾಸ್ ಗಹಗಹಿಸಿ ನಕ್ಕರು. "ಆ ಹೊತ್ತಲ್ಲಿ ಯಾವನು ಬಾರಿಸ್ತಾನೆ ದೋನ್ಯಾ ಫೆಲಿಸಾ?"

"ಕೋಳಿ ಕೂಗುತ್ತಲ್ಲ ಮೇಷ್ಟ್ರೇ. ಅದಕ್ಕೇನು ಸಂಬಳ ಜಾಸ್ತಿ ಕೊಡ್ತಾರಾ?"

ನೋರಾ ನಗು ತಡೆದುಕೊಂಡು, ಮಾರುಕಟ್ಟೆಯವರು ಒಪ್ಪಿದರೆ ನೋಡೋಣ ಎಂದರು. ಅವರು ಒಪ್ಪಲಾರರು ಎಂದೇ ಹಾಗೆ ಹೇಳಿದ್ದು ಎಂದು ಈಗ ನೋರಾ ಅವರೇ ಒಪ್ಪಿಕೊಳ್ಳುತ್ತಾರೆ.

ಮಾರುಕಟ್ಟೆಯ ಮೇಲ್ವಿಚಾರಕ ನಿಜಕ್ಕೂ ಒಪ್ಪಲಿಲ್ಲ. ಜನ ಗುಂಪುಗೂಡಿದರೆ ಜೇಬುಗಳ್ಳರು ಬರುತ್ತಾರೆ, ವ್ಯಾಪಾರ ಕೆಡುತ್ತದೆ ಎಂದ. ಫೆಲಿಸಾ ಅವನ ಜತೆ ವಾದಕ್ಕೆ ನಿಲ್ಲದೆ ತರಕಾರಿ ಸಾಲಿಗೆ ನಡೆದರು. ಅಲ್ಮೊಲೊಂಗಾ ಊರಿನ ತ್ರಾನ್ಸಿತೊ ಸಿಕಿನಾ ಅಲ್ಲಿ ಕ್ಯಾರೆಟ್, ಮೂಲಂಗಿ ಮಾರುವವರು. ಅವರ ಮಾತು ಮೀರಿ ಆ ಸಾಲಿನಲ್ಲಿ ಒಂದು ಸೌತೆಕಾಯಿಯೂ ಅಲುಗದು.

"ಏನೇ ಫೆಲಿಸಾ, ನಿಮ್ಮ ಯೂನಿವರ್ಸಿಟಿಯೋರಿಗೆ ಮನೆ ಬಿದ್ದ್ಮೇಲೆ ನಮ್ಮ ನೆನಪಾಯ್ತಾ?" ಎಂದು ಅವರು ಕುಟುಕಿದರು.

"ಹೂಂ ಕಣಕ್ಕಾ. ಬಿದ್ದ್ಮೇಲಾದ್ರೂ ಆಯ್ತಲ್ಲ. ಜಾಗ ಕೊಡ್ತೀಯೋ ಇಲ್ವೋ ಹೇಳು."

ತ್ರಾನ್ಸಿತೊ ಒಂದು ಕ್ಯಾರೆಟ್ ಮುರಿದು ಬಾಯಿಗೆ ಹಾಕಿಕೊಂಡು ಯೋಚಿಸಿದರು. ಎರಡನೇ ಸರದಿಯ ಲಾರಿಗಳು ಬರುವಷ್ಟರಲ್ಲಿ ಮುಗಿಯಬೇಕು, ನೆಲ ನೀವೇ ತೊಳೆಯಬೇಕು ಎಂದರು. ಹೆಂಗಸರೆಲ್ಲ ಒಂದಾದ ಮೇಲೆ ಮೇಲ್ವಿಚಾರಕನ ಬಾಯಿ ತಾನಾಗಿ ಮುಚ್ಚಿತು.

ಮೊದಲ ಶನಿವಾರ ಎಲ್ಲವೂ ಎಡವಟ್ಟಾಯಿತು. ವಿಶಾಲವಾಗಿದೆ ಎಂದು ಫೆಲಿಸಾ ಆರಿಸಿದ ಜಾಗ ಲಾರಿಗಳು ಸರಕು ಇಳಿಸುವ ಕಟ್ಟೆಯ ಪಕ್ಕದಲ್ಲಿತ್ತು. ಮೇಷ್ಟ್ರು ಆರಿಸಿದ ಕೃತಿಯೋ ನಿಧಾನದ್ದು, ಉದ್ದದ್ದು. ನಡುವೆ ಒಂದು ಲಾರಿ ಹಾರ್ನ್ ಹೊಡೆಯುತ್ತಾ ಹಿಂದಕ್ಕೆ ಬಂತು. ಹಮಾಲಿಗಳು "ದಾರಿ, ದಾರಿ" ಎಂದು ಕೂಗಿದರು. ಟೊಮೇಟೊದ ಬೆಲೆ ಮಾರಿಂಬಾಕ್ಕಿಂತ ಜೋರಾಗಿ ಕೇಳಿಸಿತು. ರೊದಾಸ್ ಕೋಲುಗಳನ್ನು ಎತ್ತಿ ಹಿಡಿದು ನಿಲ್ಲಿಸಿಬಿಟ್ಟರು. ಮತ್ತೆ ಬಾರಿಸಲಿಲ್ಲ.

"ಕಟ್ಟಿ ಎಲ್ಲಾನೂ. ಇಲ್ಲಿ ಕೇಳೋ ಕಿವಿ ಇಲ್ಲ," ಎಂದರು.

ತ್ರಾನ್ಸಿತೊ ಸುಮ್ಮನಿರುತ್ತಾರೆಯೇ? "ಕಿವಿ ಇದೆ ಮೇಷ್ಟ್ರೇ. ಈಗ ನೀವಂದಿದ್ದೂ ಕೇಳಿಸ್ತು."

ವಾದ್ಯ ಹೊತ್ತ ಗಾಡಿ ಹೊರಟು ಹೋಯಿತು. ಫೆಲಿಸಾ ನೆಲ ತೊಳೆದರು. ತೊಳೆಯುವಾಗ ಅತ್ತರಂತೆ. ಅದನ್ನು ಅವರು ಮುಚ್ಚಿಡುವುದಿಲ್ಲ. "ಅತ್ತೆ. ಅತ್ತಿದ್ದಕ್ಕೆ ನೆಲ ಏನು ತಾನಾಗಿ ಒಣಗುತ್ತಾ? ತೊಳೆದು ಮುಗಿಸ್ದೆ. ಮಧ್ಯಾಹ್ನ ಮೇಷ್ಟ್ರ ಮನೆಗೆ ಹೋದೆ."

ರೊದಾಸ್ ಬಾಗಿಲು ತೆರೆದರು, ಆದರೆ ಒಳಗೆ ಕರೆಯಲಿಲ್ಲ. ಫೆಲಿಸಾ ಹೊಸ್ತಿಲ ಹೊರಗೇ ನಿಂತು ಹೇಳಿದರು: "ಜಾಗ ಆರಿಸಿದ್ದು ನನ್ನ ತಪ್ಪು, ಒಪ್ಕೋತೀನಿ. ಆದ್ರೆ ಅರ್ಧಕ್ಕೆ ನಿಲ್ಸಿದ್ದು ನಿಮ್ಮದು. ಲಾರಿಯೋರ ಹತ್ರ ನಾನು ಮಾತಾಡ್ತೀನಿ. ನೀವು ನಿಲ್ಲಿಸ್ದೆ ಬಾರಿಸಿ. ಯಾರ ಕೆಲಸ ಅವರು ಮಾಡೋಣ."

"ಇನ್ನೊಂದ್ಸಲ ಹಂಗೇ ಆದ್ರೆ?"

"ಮತ್ತೊಂದ್ಸಲ ಬರ್ತೀನಿ, ಇಲ್ಲೇ ನಿಂತ್ಕೋತೀನಿ."

ಮೇಷ್ಟ್ರ ಹೆಂಡತಿ ಒಳಗಿಂದಲೇ, "ಒಪ್ಕೊಳ್ರೀ, ಆಯಮ್ಮ ಹೋಗೋ ಹಂಗೆ ಕಾಣಲ್ಲ" ಎಂದರು. ಹಾಗೆ ಒಪ್ಪಿಗೆ ಸಿಕ್ಕಿತು.

ಆ ವಾರವಿಡೀ ಫೆಲಿಸಾ ಕತ್ತಲಲ್ಲೇ ಮಾರುಕಟ್ಟೆಗೆ ಹೋದರು. ಬಿಸಿ ಗಂಜಿಯ ಲೋಟ ಕೈಗಿಟ್ಟು ಒಬ್ಬೊಬ್ಬ ಲಾರಿ ಚಾಲಕನನ್ನೂ ಮಾತಾಡಿಸಿದರು. ಶನಿವಾರ ಆರರಿಂದ ಒಂದಿಷ್ಟು ಹೊತ್ತು ಎಂಜಿನ್ ಆರಿಸಿ ನಿಲ್ಲಬೇಕು, ಅಷ್ಟೇ. ಒಬ್ಬ ಬೈದ, ಒಬ್ಬ ಗಂಜಿ ಕುಡಿದು ಮರೆತ, ಉಳಿದವರು ಹೂಂ ಎಂದರು. ಹೂವಿನ ಅಂಗಡಿಗಳ ಮುಂದಿನ ಜಾಗ ತೋರಿಸಿಕೊಟ್ಟದ್ದು ಮಾತ್ರ ತ್ರಾನ್ಸಿತೊ. "ಹೂವು ಕೂಗಾಡಲ್ಲ ನೋಡು," ಎಂದರಂತೆ.

ಎರಡನೆಯ ಶನಿವಾರ ರೊದಾಸ್ ಎಲ್ಲರಿಗೂ ಗೊತ್ತಿದ್ದ ಕುಣಿತದ ಮಟ್ಟು ಒಂದರಿಂದ ಶುರು ಮಾಡಿದರು. ಲಾರಿಗಳು ಸದ್ದಿಲ್ಲದೆ ನಿಂತಿದ್ದವು. ಹೆಂಗಸರು ಸೊಪ್ಪು ಕಟ್ಟುತ್ತಲೇ, ಕ್ಯಾರೆಟ್ ತೊಳೆಯುತ್ತಲೇ ಕೇಳಿದರು. ಮಟ್ಟು ಮುಗಿಯಿತು. ಒಂದೇ ಒಂದು ಚಪ್ಪಾಳೆಯಿಲ್ಲ. ಮೇಷ್ಟ್ರ ಮುಖ ಕಪ್ಪಿಟ್ಟಿತು.

"ಹಿಡಿಸ್ಲಿಲ್ವಾ?" ಎಂದು ರೊದಾಸ್ ತ್ರಾನ್ಸಿತೊರನ್ನೇ ಕೇಳಿದರು.

"ಎರಡು ಕೈಲೂ ಮೂಲಂಗಿ ಇದೆಯಲ್ಲ ಮೇಷ್ಟ್ರೇ, ಹೆಂಗೆ ತಟ್ಲಿ? ಇನ್ನೊಂದು ಬಾರಿಸಿ, ಕೆಳಗಿಡ್ತೀನಿ."

ಇಟ್ಟರು. ಸಾಲಿಗೆ ಸಾಲೇ ಕೆಳಗಿಟ್ಟಿತು. ಮೇಷ್ಟ್ರು ಮೊದಲ ವಾರ ಅರ್ಧಕ್ಕೆ ಬಿಟ್ಟಿದ್ದ ಆ ಉದ್ದದ, ನಿಧಾನದ ಕೃತಿಯನ್ನೇ ಎತ್ತಿಕೊಂಡರು, ಈ ಸಲ ಕೊನೆ ಮುಟ್ಟಿಸಿದರು. ಎರಡನೇ ಸರದಿಯ ಲಾರಿಗಳು ಆ ದಿನ ತಡವಾಗಿ ಒಳಬಂದವು. ತಡೆದವರು ಫೆಲಿಸಾ ಅಲ್ಲ, ಹಮಾಲಿಗಳು.

ಈ ವರ್ಷ ಸಭಾಂಗಣದ ದುರಸ್ತಿ ಮುಗಿದಿದೆ. ಹೊಸ ಮಾಡು, ಹೊಸ ದೀಪ. ಮಾರುಕಟ್ಟೆಯ ಕಾರ್ಯಕ್ರಮ ತಾತ್ಕಾಲಿಕವಾಗಿತ್ತು, ಇನ್ನು ಸಾಕು ಎಂಬ ಮಾತು ಮೇಲಿನವರಿಂದ ಬಂತು. ಫೆಲಿಸಾ ನೋರಾರ ಬಳಿ ಹೋಗಿ, ಸಾಕು ಎಂದವರು ಒಂದು ಶನಿವಾರ ಬಂದು ಅಲ್ಲಿಯ ಹೆಂಗಸರೆದುರು ಅದನ್ನೇ ಹೇಳಲಿ ಎಂದರು. ನೋರಾಗೆ ಆ ಮಾತು ಹಿಡಿಸಿತು. ಅವರು ಅದನ್ನೇ ಸಭೆಯ ಮುಂದಿಟ್ಟರು. ಮೇಲಿನವರು ಯಾರೂ ಮಾರುಕಟ್ಟೆಗೆ ಬರಲಿಲ್ಲ. ತ್ರಾನ್ಸಿತೊ ಮಾತ್ರ ತಮ್ಮ ಸಾಲಿನ ಹೆಂಗಸರನ್ನು ಕಟ್ಟಿಕೊಂಡು ಮೊದಲ ಬಾರಿಗೆ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದರು. "ನಿಮ್ಮ ಹೊಸ ಮಾಡು ನೋಡೋಕೆ ನಾವು ಬರ್ತೀವಿ. ನಮ್ಮ ತಗಡು ನೋಡೋಕೆ ನೀವು ಬನ್ನಿ. ಒಂದ್ಕಡೆಯಿಂದ್ಲೇ ಹೋಗಿ ಬಂದ್ರೆ ಅದು ನೆಂಟಸ್ತನ ಅಲ್ಲ," ಎಂದರು. ಪೂರ್ತಿ ಗೆಲುವೇನೂ ಸಿಗಲಿಲ್ಲ. ಪ್ರತಿ ಶನಿವಾರದ್ದು ತಿಂಗಳಿಗೊಮ್ಮೆಯಾಯಿತು. ಆದರೆ ನಿಲ್ಲಲಿಲ್ಲ. ಈಗ ಭಿತ್ತಿಪತ್ರದಲ್ಲಿ ಬೆಳಗಿನ ಆರು ಎಂದು ಅಚ್ಚಾಗುತ್ತದೆ.

ಫೆಲಿಸಾರಿಗೆ ಇದರಿಂದ ಬಡ್ತಿಯಿಲ್ಲ, ಹೆಚ್ಚಿನ ಕೂಲಿಯೂ ಇಲ್ಲ. ಶುಕ್ರವಾರ ಸಂಜೆ ಸಭಾಂಗಣದ ಬಾಗಿಲು, ತಿಂಗಳಿಗೊಂದು ಶನಿವಾರ ಮಾರುಕಟ್ಟೆಯ ನೆಲ. ಮೊಣಕಾಲು ನೋವು ಶುರುವಾಗಿದೆ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ದೊಡ್ಡ ಮಗಳು, ಮುಲಾಮು ಕೊಟ್ಟು ಸಾಕಾಯಿತಮ್ಮಾ, ಬಿಡು ಎನ್ನುತ್ತಾಳೆ. "ಹಚ್ಕೊಂಡು ಬರ್ತೀನಿ," ಎನ್ನುತ್ತಾರೆ ಇವರು.

ಇವತ್ತಿನ ಕಛೇರಿ ಮುಗಿದಿದೆ. ಬೆಳಕು ತಗಡಿನ ಸಂದಿಯಿಂದ ಇಳಿದಿದೆ, ಲಾರಿಗಳು ಒಳಗೆ ಬಂದಿವೆ. ಮೇಷ್ಟ್ರು ರೊದಾಸ್ ತ್ರಾನ್ಸಿತೊ ಕೊಟ್ಟ ಸೊಪ್ಪಿನ ಕಟ್ಟನ್ನು ಎಲ್ಲಿಟ್ಟುಕೊಳ್ಳುವುದೆಂದು ತಿಳಿಯದೆ ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದಾರೆ. ಮುಂದಿನ ತಿಂಗಳು ಏನು ತರೋಣ ಎಂದು ಕೇಳಲು ನೋರಾ ಬಂದಿದ್ದಾರೆ.

"ನಾಟಕ ತನ್ನಿ ಮೇಡಂ," ಎನ್ನುತ್ತಾರೆ ಫೆಲಿಸಾ, ಬಕೆಟ್ಟಿನ ನೀರು ಚೆಲ್ಲುತ್ತಾ. "ಆದ್ರೆ ಕೊನೇಲಿ ಯಾರೂ ಸಾಯಬಾರ್ದು. ಹೋದ್ಸಲ ನೀವು ತಂದಿದ್ರಲ್ಲ, ಅದರಲ್ಲಿ ಗಂಡ ಸತ್ತ, ಹೆಂಡ್ತಿ ಸತ್ಲು, ಮನೆ ಕೆಲಸದೋಳೂ ಸತ್ಲು. ಇವರೆಲ್ಲ ಅಳ್ತಾ ಕೂತ್ಬಿಟ್ರು. ಗಿರಾಕಿ ಬಂದು ನಿಂತ್ರೆ ತೂಗೋರೇ ಇಲ್ಲ!"

"ಒಳ್ಳೆ ನಾಟಕದಲ್ಲಿ ಒಂದಾದ್ರೂ ಸಾವು ಇರುತ್ತೆ ಫೆಲಿಸಾ. ಹುಡುಕಿದ್ರೂ ಸಿಗೋದು ಕಷ್ಟ."

"ಹುಡುಕಿ. ಜಗಳ ಇರ್ಲಿ, ಮದುವೆ ಇರ್ಲಿ, ಬೇಕಾದ್ರೆ ಕಳ್ಳತನಾನೂ ಇರ್ಲಿ. ಎಲ್ಲರೂ ಬದುಕಿರೋ ನಾಟಕ ಒಂದೇ ಒಂದು ಬೇಕು ನಂಗೆ."

ನೋರಾ ನಗುತ್ತಾ ಹೊರಡುತ್ತಾರೆ. ಅವರು ತರುತ್ತಾರೆಯೇ ಎಂದು ಕೇಳಿದರೆ ಫೆಲಿಸಾ ಸೆಟೆದು ನಿಂತು, ಸೊಂಟಕ್ಕೆ ಕೈ ಕೊಟ್ಟು ನೋಡುತ್ತಾರೆ.

"ತರದೆ ಎಲ್ಲಿ ಹೋಗ್ತಾರೆ? ಅವರ ಮನೆ ಎಲ್ಲಿದೆ ಅಂತ ನಂಗೆ ಗೊತ್ತು."