ರಟ್ಟಿನ ಖಂಡೆ

ಬಾಗಲಗುಂಟೆಯ ನಮ್ಮ ಬಡಾವಣೆಯ ಸಂಘದವರಿಗೆ ಇಡೀ ವರ್ಷ ನೆನಪಾಗದ ಸಂಸ್ಕೃತಿ ದಸರೆಯ ಹೊತ್ತಿಗೆ ಒಮ್ಮೆಲೇ ನೆನಪಾಗುತ್ತದೆ. ಕಳೆದ ದಸರೆಯಲ್ಲಿ ಅವರು ಮಕ್ಕಳಿಗೆ ‘ಮಾಯಾಲೋಕದ ವೀರರು’ ಎಂಬ ವೇಷದ ಸ್ಪರ್ಧೆ ಇಟ್ಟರು. ಆಯುಧಪೂಜೆಯ ದಿನ, ಸಂಜೆ ಆರಕ್ಕೆ. ವೀರರ ಕೈಯಲ್ಲಿರುವ ಸಾಮಾನು ಮನೆಯಲ್ಲೇ ಮಾಡಿದ್ದಾಗಿರಬೇಕು ಎಂಬುದು ನಿಯಮ. ನಿಯಮ ಹೊರಬಿದ್ದ ಮೂರನೇ ದಿನದಿಂದ ನಮ್ಮ ಬೀದಿಯಲ್ಲಿ ಪಾರ್ಸೆಲ್ ಗಾಡಿಗಳ ಓಡಾಟ ಜಾಸ್ತಿಯಾಯಿತು. ಎದುರುಮನೆಯವರು ಮಂತ್ರದಂಡ ತರಿಸಿ, ಬೆಲೆಚೀಟಿ ಕಿತ್ತು, ಹೊಸದೆಂದು ಕಾಣಬಾರದೆಂದು ಅದಕ್ಕಿಷ್ಟು ಮಣ್ಣು ಸವರಿದರು. ಅವರು ಮನೆಯಲ್ಲಿ ಮಾಡಿದ್ದು ಅಷ್ಟೇ.

ನನ್ನ ಎಂಟು ವರ್ಷದ ಮಗಳಿಗೆ ಬೇಕಾಗಿದ್ದು ಕತ್ತಿ. ಬೆಂಕಿ ಉಗುಳುವ ರೆಕ್ಕೆಯ ಹಾವನ್ನು ಒಂದೇ ಏಟಿಗೆ ಕತ್ತರಿಸುವಂಥದ್ದು. ಅದರ ಹಿಂದಿನ ವರ್ಷ ಅವಳು ಇದೇ ವೇದಿಕೆ ಹತ್ತಿ, ಮೈಕು ನೋಡಿ, ಒಂದು ಮಾತೂ ಆಡದೆ ಅತ್ತು ಇಳಿದಿದ್ದಳು. ಆ ವಿಡಿಯೋ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ನಗುಮುಖಗಳ ಸಮೇತ ಬಹಳ ದಿನ ಓಡಾಡಿತು.

“ಈ ಸಲ ಕೈಯಲ್ಲಿ ಕತ್ತಿ ಇದ್ರೆ ಮಾತಾಡ್ತೀನಿ ಅಪ್ಪ, ಪ್ರಾಮಿಸ್” ಎಂದಳು.

ಅವಳು ನಾಲ್ಕು ಮಾತಾಡಿದರೆ ನನಗೆ ಸಾಕಿತ್ತು. ಬಹುಮಾನದ ಆಸೆಯೇ ಇರಲಿಲ್ಲ ಎಂದರೆ ಮಾತ್ರ ಸುಳ್ಳಾಗುತ್ತದೆ.

ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್ಸ್‌ಪೆಕ್ಟರ್. ಬೇರೆಯವರು ಬೆವರು ಸುರಿಸಿ ಮಾಡಿದ್ದನ್ನು ಕೂದಲೆಳೆಯಷ್ಟು ವ್ಯತ್ಯಾಸಕ್ಕೆ ವಾಪಸ್ ಕಳಿಸುವುದೇ ನನ್ನ ಉದ್ಯೋಗ. ಇಂಥವನು ತಾನೇ ಏನನ್ನಾದರೂ ಮಾಡಲು ಕೂತರೆ ಏನಾಗಬೇಕೋ ಅದೇ ಆಯಿತು. ಫ್ರಿಜ್ಜು ಬಂದ ರಟ್ಟಿನ ಡಬ್ಬ ಹರವಿ ಮೊದಲು ನಕಾಶೆ ಬರೆದೆ. ಹಳೇ ಪೇಪರು ಸುತ್ತಿ ಹಿಡಿ ಮಾಡಿದೆ. ವರ್ನಿಯರ್ ತಂದು ಅಲಗಿನ ದಪ್ಪ ಅಳೆದೆ. ಮೊದಲೆರಡು ಕತ್ತಿಗಳನ್ನು ನಾನೇ ರಿಜೆಕ್ಟ್ ಮಾಡಿದೆ. ಚಪಾತಿ ಸುತ್ತುವ ಬೆಳ್ಳಿ ಹಾಳೆಯನ್ನು ಅಂಟಿಸಲು ಮಗಳು ಬಂದಾಗ, “ಸುಕ್ಕಾಗುತ್ತೆ, ಮುಟ್ಬೇಡ” ಎಂದೆ. ಅವಳು ಹಿಡಿಗೆ ರತ್ನವೆಂದು ಒಂದು ಕೆಂಪು ಟಿಕಳಿ ಅಂಟಿಸಿದಳು. ಸೊಟ್ಟಗಿದೆಯೆಂದು ಕಿತ್ತು ನೇರಕ್ಕೆ ಅಂಟಿಸಿದೆ. ನಾಲ್ಕನೇ ದಿನ ಅವಳು ಹತ್ತಿರ ಬರುವುದನ್ನೇ ಬಿಟ್ಟು ಟಿವಿ ಮುಂದೆ ಕೂತಳು.

“ರೀ, ಸ್ಪರ್ಧೆ ಇರೋದು ಯಾರಿಗೆ?” ಎಂದು ಹೆಂಡತಿ ಕೇಳಿದಳು. ನಾನು ಅಂಟು ಒಣಗುವುದನ್ನು ಕಾಯುತ್ತಿದ್ದೆ.

ಹಬ್ಬಕ್ಕೆಂದು ಬಾಗಲಕೋಟೆ ಕಡೆಯಿಂದ ನಮ್ಮವ್ವ ಬಂದಿದ್ದಳು. ಬೆಂಗಳೂರಿನವರ ಆಯುಧಪೂಜೆಗೆ ನಮ್ಮ ಕಡೆ ಖಂಡೇಪೂಜೆ ಎನ್ನುತ್ತಾರೆ. ಖಂಡೆ ಎಂದರೆ ಕತ್ತಿ. ನಮ್ಮ ಮನೆತನದಲ್ಲಿ ಕತ್ತಿ ಹಿಡಿದವರು ಯಾರೂ ಇಲ್ಲ. ಪ್ರತಿವರ್ಷ ಅವ್ವ ಈಳಿಗೆಮಣೆ, ಕತ್ತರಿ, ಸ್ಪ್ಯಾನರ್, ನನ್ನ ವರ್ನಿಯರ್ ಎಲ್ಲವನ್ನೂ ಸಾಲಾಗಿಟ್ಟು ಪೂಜಿಸಿ ಸಮಾಧಾನ ಪಟ್ಟುಕೊಳ್ಳುತ್ತಿದ್ದಳು. ಹಾಗೆ ಇಟ್ಟದ್ದನ್ನು ಮರುದಿನ ವಿಜಯದಶಮಿಗೆ ಬನ್ನಿ ಸೊಪ್ಪು ಮನೆಗೆ ಬರುವವರೆಗೆ ಯಾರೂ ಮುಟ್ಟುವಂತಿಲ್ಲ.

ಹಬ್ಬದ ಮಧ್ಯಾಹ್ನ ನಾನು ಸ್ಕೂಟರ್ ತೊಳೆದು ಒಳಗೆ ಬಂದರೆ, ದೇವರ ಮುಂದೆ ಎಲ್ಲಕ್ಕಿಂತ ಮೇಲೆ, ಮಣೆ ಹಾಕಿಸಿಕೊಂಡು ನಮ್ಮ ಕತ್ತಿ ಮಲಗಿತ್ತು. ಬೆಳ್ಳಿ ಹಾಳೆಯ ಮೇಲೆ ವಿಭೂತಿ, ಕುಂಕುಮ, ಚೆಂಡುಹೂವಿನ ಹಾರ. ಕರ್ಪೂರವೂ ಆರಿತ್ತು.

“ಅವ್ವಾ, ಇದು ಸಂಜಿಗೆ ಬೇಕು.”

“ಪೂಜಿಗಿಟ್ಟದ್ದು ಎತ್ತಾಕ ಬರೂದಿಲ್ಲ. ನಾಳೆ ಬನ್ನಿ ಬಂದ ಮ್ಯಾಲ.”

“ರಟ್ಟಿಂದಬೇ ಅದು!”

“ರಟ್ಟಿಂದರ ಇರಲಿ, ಖಂಡೆ ಹೌದಿಲ್ಲೋ? ಇಷ್ಟು ವರ್ಷದಾಗ ನಮ್ಮ ಮನ್ಯಾಗ ಒಂದರ ಖಂಡೆ ಇತ್ತೇನ?”

ಎತ್ತಿಬಿಡೋಣವೆಂದು ಕೈ ಚಾಚಿದೆ. ಕೈ ಅರ್ಧಕ್ಕೇ ನಿಂತಿತು. ಒಳಗಿರುವುದು ಹಳೇ ಪೇಪರೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಅಳತೆಗೆ ಸಿಗದ್ದನ್ನು ನಾನು ನಂಬುವುದಿಲ್ಲ ಎಂದು ಕ್ಯಾಂಟೀನಿನಲ್ಲಿ ಭಾಷಣ ಬಿಗಿಯುವವನೂ ನಾನೇ. ಆದರೂ ಕುಂಕುಮ ಬಿದ್ದ ಮೇಲೆ ಧೈರ್ಯ ಸಾಲಲಿಲ್ಲ.

ಮಗಳು ಬಂದು ನೋಡಿದಳು. ಅತ್ತೇಬಿಡುತ್ತಾಳೆ ಅಂದುಕೊಂಡೆ.

“ಅಜ್ಜಿ, ಇದು ನಿಜವಾದ ಆಯುಧನಾ?”

“ಮತ್ತ? ಸುಳ್ಳು ಆಯುಧಕ್ಕ ಯಾರರ ಪೂಜಿ ಮಾಡ್ತಾರೇನ ಕೂಸ?”

ಅವಳು ಕೈಮುಗಿದಳು. ಹೆಸರಘಟ್ಟ ರಸ್ತೆಯ ಆಟಿಕೆ ಅಂಗಡಿಯಿಂದ ಬೇರೊಂದು ಕತ್ತಿ ತಂದುಕೊಡುತ್ತೇನೆಂದು ನಾನು ಗೋಗರೆದೆ. “ಬೇಡ ಅಪ್ಪ. ನನ್ ಹತ್ರ ಇದೆಯಲ್ಲ” ಎಂದಳು.

ಸಂಜೆ ಬರಿಗೈಯಲ್ಲಿ ವೇದಿಕೆ ಹತ್ತಿದಳು. ಅವಳ ಅಕ್ಕಪಕ್ಕ ಮಂತ್ರದಂಡ, ಬಿಲ್ಲು, ಬಟನ್ ಒತ್ತಿದರೆ ಮಿನುಗುವ ಕತ್ತಿಗಳು.

“ಎಲ್ಲಿ ಪುಟ್ಟಿ ನಿನ್ ಕತ್ತಿ? ಮರ್ತ್‌ಬಿಟ್ಯಾ?” ಎಂದು ನಿರೂಪಕರು ಮೈಕು ಚಾಚಿದರು. ಜನ ನಕ್ಕರು. ಮೊಬೈಲುಗಳು ಮೇಲೆದ್ದವು. ನಾನು ಕುರ್ಚಿಯಿಂದ ಅರ್ಧ ಎದ್ದೆ.

ಮಗಳು ಎರಡೂ ಕೈಯಲ್ಲಿ ಮೈಕು ಹಿಡಿದಳು. “ಮರ್ತಿಲ್ಲ ಅಂಕಲ್. ಪೂಜೆಗಿಟ್ಟಿದೀವಿ, ನಾಳೆವರ್ಗೂ ಮುಟ್ಟೋ ಹಾಗಿಲ್ಲ. ಇವ್ರದ್ದೆಲ್ಲ ಆಟದ ಸಾಮಾನು, ಅದಕ್ಕೇ ತಂದಿದಾರೆ.”

ನಿರೂಪಕರು ಸುಧಾರಿಸಿಕೊಂಡು, “ಓಹೋ! ಅಂಥ ಕತ್ತಿ ಯಾರಮ್ಮ ಮಾಡ್ಕೊಟ್ಟಿದ್ದು?” ಎಂದರು. ನಾನು ಕಾಲರ್ ಸರಿಮಾಡಿಕೊಂಡೆ.

“ಅಪ್ಪ ಮಾಡಿದ್ದು ರಟ್ಟು. ನಂಗೆ ಮುಟ್ಟಕ್ಕೂ ಬಿಡ್ಲಿಲ್ಲ. ಅದನ್ನ ಕತ್ತಿ ಮಾಡಿದ್ದು ನಮ್ಮಜ್ಜಿ.”

ಈ ಸಲ ಜನ ನಕ್ಕದ್ದು ನನ್ನನ್ನು ನೋಡಿ. ನಾಚಿಕೆಯಾಯಿತು, ಅದರ ಎರಡರಷ್ಟು ಖುಷಿಯಾಯಿತು. ಸಾಮಾನು ತರದವರಿಗೆ ಬಹುಮಾನವಿಲ್ಲವೆಂದು ಸಂಘದವರು ನಿಯಮ ಓದತೊಡಗಿದರು. ಯಾರಿಗೂ ಏನೂ ಕೇಳಿಸಲಿಲ್ಲ, ಯಾಕೆಂದರೆ ಮಗಳು ಇನ್ನೂ ಮೈಕು ಬಿಟ್ಟಿರಲಿಲ್ಲ.